ಹಗಲು ದೀವಟಿಗೆ

ಅರಮನೆ, ಮಠಗಳ ಮರ್ಯಾದೆಗಳಲ್ಲಿ ಛತ್ರ ಚಾಮರಗಳೊಡನೆ ಹಗಲು ದೀವಟಿಗೆಯೆಂಬುದೂ ಒಂದು. ಸೂರ್ಯನಿರುವಾಗ ಪಂಜು ಹಿಡಿದು ನಡೆಯುವುದು ದಾರಿ ಕಾಣಲೆಂದಲ್ಲ. ಬರುತ್ತಿರುವವರು ಯಾರೆಂಬುದು ಎದುರಿನವರಿಗೆ ತಿಳಿಯಲೆಂದು. ನೋಡುವುದಕ್ಕಾಗಿ ಹಚ್ಚುವ ದೀಪ ಒಂದು, ಕಾಣಿಸಿಕೊಳ್ಳುವುದಕ್ಕಾಗಿ ಹಚ್ಚುವ ದೀಪ ಮತ್ತೊಂದು. ಈ ಎರಡನೆಯ ಬಗೆಯ ದೀಪ ಮೋಟಾರು ಕಾರಿಗೆ ಬಂದ ಕಥೆಯನ್ನೂ, ಅದರಿಂದ ನಿಜವಾಗಿ ಪ್ರಾಣಗಳು ಉಳಿದವೇ ಎಂಬ ಜಿಜ್ಞಾಸೆಯನ್ನೂ ಇಂದು ತಮ್ಮ ಮುಂದಿಡಬಯಸುತ್ತೇನೆ.

ಕಥೆಯ ಮುಖ್ಯ ಭಾಗ ನಡೆದದ್ದು ಯುರೋಪಿನ ಉತ್ತರದಂಚಿನಲ್ಲಿ. ಅಲ್ಲಿ ಚಳಿಗಾಲದ ಹಗಲು ಕೆಲವೇ ಗಂಟೆಗಳದು. ಸೂರ್ಯ ನೆತ್ತಿಗೇರದೆ ದಿಗಂತಕ್ಕೆ ಒರಗಿಕೊಂಡೇ ಸಾಗುತ್ತಾನೆ. ಮರಗಳ ನೀಳವಾದ ನೆರಳಿನಲ್ಲಿ ಬೂದುಬಣ್ಣದ ಕಾರು ಬೂದುಬಣ್ಣದ ರಸ್ತೆಯೊಡನೆ ಬೆರೆತುಹೋಗುತ್ತದೆ. 1972ರಲ್ಲಿ ಫಿನ್ಲೆಂಡ್ ದೇಶವು, ಊರ ಹೊರಗಿನ ರಸ್ತೆಗಳಲ್ಲಿ ಚಳಿಗಾಲದ ಹಗಲಿನಲ್ಲೂ ದೀಪ ಉರಿಸಬೇಕೆಂದು ವಿಧಿಸಿತು. 1977ರ ಅಕ್ಟೋಬರ್ 1ರಿಂದ ಸ್ವೀಡನ್ ಇದನ್ನು ವರ್ಷವಿಡೀ ಕಡ್ಡಾಯಗೊಳಿಸಿತು. 1988ರಲ್ಲಿ ನಾರ್ವೆ, 1990ರಲ್ಲಿ ಡೆನ್ಮಾರ್ಕ್ ಅದೇ ಹಾದಿ ಹಿಡಿದವು.

ಫಲವೇನಾಯಿತು? ಕಾಯಿದೆಯ ಹಿಂದಿನ ಎರಡು ವರ್ಷಗಳನ್ನೂ ಮುಂದಿನ ಎರಡು ವರ್ಷಗಳನ್ನೂ ಹೋಲಿಸಿದ ಸ್ವೀಡನ್ನಿನ ಆಂಡರ್ಸನ್ ಮತ್ತು ನಿಲ್ಸನ್, ಹಗಲಿನಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಭಾಗಿಗಳಾದ ಅಪಘಾತಗಳು ಶೇಕಡಾ 11ರಷ್ಟು ಇಳಿದವೆಂದು 1981ರಲ್ಲಿ ವರದಿ ಮಾಡಿದರು. ಆದರೆ ಆಗದೆ ಹೋದ ಅಪಘಾತವನ್ನು ಎಣಿಸುವುದೆಂತು? ಅದಕ್ಕೊಂದು ಅಳತೆಗೋಲು ಬೇಕು. ಹಗಲು ದೀಪದ ಪ್ರಭಾವಕ್ಕೆ ಒಳಗಾಗದ ರಾತ್ರಿಯ ಅಪಘಾತಗಳನ್ನೂ, ಒಂದೇ ವಾಹನ ತಾನಾಗಿ ಉರುಳಿದ ಪ್ರಸಂಗಗಳನ್ನೂ ಅವರು ಅಳತೆಗೋಲಾಗಿಸಿಕೊಂಡಿದ್ದರು. ಆ ಅಳತೆಗೋಲೇ ಈ ನಡುವೆ ಕದಲಿದ್ದರೆ ಲೆಕ್ಕವೂ ಕದಲುವುದಲ್ಲವೇ? 1995ರಲ್ಲಿ ನೆದರ್ಲೆಂಡ್ಸಿನ ಥೀವೆಸ್ ಮತ್ತು ರೀಮರ್ಸ್ಮಾ ಸ್ವೀಡನ್ನಿನ ಸಾಕ್ಷ್ಯವನ್ನು ಮರುಪರಿಶೀಲಿಸಿ, ಈ ಫಲಿತಾಂಶವನ್ನು ನೆಚ್ಚುವಂತಿಲ್ಲವೆಂದರು. ಮರುವರ್ಷ ನಾರ್ವೆಯ ರೂನೆ ಎಲ್ವಿಕ್ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗಿಟ್ಟು ತೂಗಿ, ದೀಪ ಹಚ್ಚಿದ ಕಾರುಗಳಿಗೆ ಅಂಥ ಅಪಘಾತಗಳು ಶೇಕಡಾ 10ರಿಂದ 15ರಷ್ಟು ಕಡಿಮೆಯೆಂದು ಹೇಳಿದರು. ಅಮೆರಿಕದ ಸರ್ಕಾರಿ ಸಂಸ್ಥೆಯ 2008ರ ಅಧ್ಯಯನಕ್ಕಾದರೋ ಒಟ್ಟಾರೆಯಾಗಿ ಗಣನೀಯ ಪರಿಣಾಮವೇ ಕಾಣಲಿಲ್ಲ.

ಇವೆರಡರಲ್ಲಿ ಒಂದು ಸುಳ್ಳಾಗಲೇಬೇಕೆಂದು ನನಗೆ ತೋರುವುದಿಲ್ಲ. ಮಬ್ಬಿನಲ್ಲಿ ಹಣತೆಗಿರುವ ಬೆಲೆ ನಡುಹಗಲಿನ ಬಯಲಿನಲ್ಲಿ ಇರದು. ಭೂಮಧ್ಯರೇಖೆಯಿಂದ ದೂರ ಹೋದಷ್ಟೂ ಹಗಲು ದೀಪದ ಫಲ ಹೆಚ್ಚೆಂದು ವಾದಿಸಿದ ಸಂಶೋಧಕರೂ ಇದ್ದಾರೆ. ಆಕಾಶದ ಬೆಳಕು ಬೇರೆಯಾದಲ್ಲಿ ದೀಪದ ಉಪಯೋಗವೂ ಬೇರೆಯಾದೀತು.

ಇದಕ್ಕಿಂತ ಗಂಭೀರವಾದ ಪ್ರಶ್ನೆ ಇನ್ನೊಂದಿದೆ. ಕಾರುಗಳೆಲ್ಲ ದೀಪ ಹೊತ್ತು ಬಂದಾಗ, ದೀಪವಿಲ್ಲದ ಪಾದಚಾರಿಯ, ಸೈಕಲ್ ಸವಾರನ ಗತಿಯೇನು? ಬೆಳಗುವುದರ ಕಡೆಗೆ ಕಣ್ಣು ಹರಿದಾಗ ಬೆಳಗದಿರುವುದು ಮರೆಯಾದೀತೆಂಬ ಆತಂಕ ಈ ಚರ್ಚೆಯುದ್ದಕ್ಕೂ ಕೇಳಿಬಂದಿದೆ. ಆಸ್ಟ್ರಿಯಾ 2005ರಲ್ಲಿ ತಂದ ಕಟ್ಟಳೆಯನ್ನು 2008ರಲ್ಲಿ ಹಿಂತೆಗೆದುಕೊಂಡಿತು. ಆದರೂ 2011ರ ಫೆಬ್ರವರಿಯಿಂದ ಯುರೋಪಿನ ಒಕ್ಕೂಟದಲ್ಲಿ ಹೊಸ ಮಾದರಿಯ ಕಾರುಗಳಿಗೆ ಹಗಲು ದೀಪ ಕಡ್ಡಾಯವಾಯಿತು.

ನಮ್ಮ ದೇಶದಲ್ಲಿ ಕಾರಿಗಿಂತ ಮೊದಲು ಈ ಕಟ್ಟಳೆಗೆ ಒಳಪಟ್ಟದ್ದು ದ್ವಿಚಕ್ರ ವಾಹನ. 2017ರ ಏಪ್ರಿಲ್ 1ರಿಂದ ಹೊಸ ಸ್ಕೂಟರು, ಮೋಟಾರು ಸೈಕಲ್ಲುಗಳ ಮುಂದೀಪ ಎಂಜಿನ್ ಓಡುವಷ್ಟು ಹೊತ್ತೂ ತಾನಾಗಿಯೇ ಉರಿಯಬೇಕು. ಬಿಸಿಲು ಧಾರಾಳವಾಗಿರುವ ನಾಡಿನಲ್ಲಿ ಇದೇಕೆಂದು ನಗುವವರುಂಟು. ಆದರೆ ಬಸ್ಸು ಲಾರಿಗಳ ನಡುವೆ ಮೊದಲು ಕಣ್ತಪ್ಪುವವನು ಆ ಸವಾರನೇ. ಢಿಕ್ಕಿಯಾದರೆ ಮೊದಲು ನೆಲಕ್ಕೆ ಬೀಳುವವನೂ ಅವನೇ. ಹಿಂದೆ ದೊಡ್ಡವರ ಮುಂದೆ ನಡೆಯುತ್ತಿದ್ದ ಹಗಲು ದೀವಟಿಗೆ ಇಂದು ರಸ್ತೆಯ ಚಿಕ್ಕವನಿಗೆ ದೊರೆತಿರುವುದು ಉಚಿತವೇ ಸರಿ. ಯಾವ ದೀವಟಿಗೆಯೂ ಇಲ್ಲದೆ ರಸ್ತೆ ದಾಟುವ ಮುದುಕಿಯನ್ನು, ಶಾಲೆಯ ಮಗುವನ್ನು ಕಾಣುವ ಹೊಣೆ ಮಾತ್ರ ಚಕ್ರ ಹಿಡಿದವನ ಕಣ್ಣಿಗೇ ಸೇರಿದ್ದು.