ಜೀವಕೋಶದ ಒಳಗೊಂದು ಅಪಾಯದ ಬಾಗಿಲು

ಮೈಟೋಕಾಂಡ್ರಿಯಾ ಅಂದ್ರೆ ಜೀವಕೋಶದ ಪವರ್ ಹೌಸ್ ಅಂತ ಸ್ಕೂಲಲ್ಲಿ ಓದಿರ್ತೀರಿ. ಇವತ್ತು ನಾನು ಹೇಳೋದು ಅದರ ಒಳಪೊರೆಯಲ್ಲಿ ತೆರೆಯೋ ಒಂದು ರಂಧ್ರದ ಕಥೆ.

1970ರ ದಶಕ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಹಂಟರ್ ಮತ್ತು ಹಾವರ್ತ್ ಅನ್ನೋ ವಿಜ್ಞಾನಿಗಳು ದನದ ಹೃದಯದಿಂದ ತೆಗೆದ ಮೈಟೋಕಾಂಡ್ರಿಯಾಗೆ ಕ್ಯಾಲ್ಸಿಯಂ ಸೇರಿಸಿದರು. ಅದು ಊದಿಕೊಂಡಿತು. ಪೊರೆ ಹರಿದುಹೋಯ್ತು ಅಂತ ತಾನೇ ಅಂದ್ಕೋಬೇಕು? ಆದರೆ ಕ್ಯಾಲ್ಸಿಯಂ ತೆಗೆದರೆ ಪೊರೆ ಮತ್ತೆ ಮುಚ್ಚಿಕೊಳ್ತಿತ್ತು. ಹರಿದ ಬಟ್ಟೆ ತಾನಾಗೇ ಹೊಲಿದುಕೊಳ್ಳಲ್ಲ. ಇದು ಬಾಗಿಲು ಅಂತ 1979ರಲ್ಲಿ ಅವರು ವಾದಿಸಿದರು.

ಸ್ವಲ್ಪ ಹೊತ್ತು ತೆರೆದು ಮುಚ್ಚಿದರೆ ಹೆಚ್ಚಾದ ಕ್ಯಾಲ್ಸಿಯಂ ಹೊರಹೋಗುತ್ತೆ, ಕೋಶಕ್ಕೆ ಒಳ್ಳೇದೇ ಅಂತಾರೆ. ತೆರೆದೇ ಇದ್ದರೆ ಎಟಿಪಿ ತಯಾರಿಕೆ ನಿಂತು ಕೋಶ ಸಾಯುತ್ತೆ. 1988ರಲ್ಲಿ ಕ್ರಾಂಪ್ಟನ್ ತಂಡ, ಕಿಡ್ನಿ ಕಸಿಯಾದವರಿಗೆ ಕೊಡೋ ಸೈಕ್ಲೋಸ್ಪೋರಿನ್ ಈ ಬಾಗಿಲನ್ನ ತಡೆಯುತ್ತೆ ಅಂತ ತೋರಿಸಿತು.

ನನಗೆ ಮೈ ಜುಂ ಅನ್ನಿಸಿದ್ದು ಮುಂದಿನದು. ಹಾರ್ಟ್ ಅಟ್ಯಾಕ್ ಆದವರಿಗೆ ಸ್ಟೆಂಟ್ ಹಾಕಿ ರಕ್ತ ಹರಿಸಿದ ಮೊದಲ ನಿಮಿಷಗಳಲ್ಲೇ ಈ ರಂಧ್ರ ತೆರೆಯುತ್ತೆ. ಅಂದ್ರೆ ಜೀವ ಉಳಿಸೋ ಚಿಕಿತ್ಸೆಯ ಹೊತ್ತಲ್ಲೇ ಒಂದಿಷ್ಟು ಕೋಶಗಳು ಸಾಯ್ತವೆ. 2008ರಲ್ಲಿ ಫ್ರಾನ್ಸಿನಲ್ಲಿ 58 ರೋಗಿಗಳ ಮೇಲೆ ಸೈಕ್ಲೋಸ್ಪೋರಿನ್ ಪ್ರಯೋಗ ನಡೀತು, ಹಾನಿ ಕಡಿಮೆಯಾಯ್ತು. 2015ರಲ್ಲಿ 970 ರೋಗಿಗಳ ದೊಡ್ಡ ಪ್ರಯೋಗದ ಫಲಿತಾಂಶ ಬಂತು. ಪ್ರಯೋಜನ ಕಾಣಲಿಲ್ಲ.

ಅಷ್ಟಕ್ಕೂ ಬಾಗಿಲು ಯಾವ ಪ್ರೋಟೀನಿನದು ಅನ್ನೋದೇ ಇನ್ನೂ ಜಗಳ. ಎಟಿಪಿ ಸಿಂಥೇಸ್‌ನದು ಅಂತ 2013ರಲ್ಲಿ ಇಟಲಿಯ ಪಡುವಾ ತಂಡ ಹೇಳಿತು. 2017ರಲ್ಲಿ ನೊಬೆಲ್ ವಿಜೇತ ಜಾನ್ ವಾಕರ್ ತಂಡ ಅದರ ಭಾಗಗಳನ್ನೇ ತೆಗೆದು ನೋಡಿತು, ರಂಧ್ರ ಆಗಲೂ ತೆರೆಯಿತು.