ತಗಡಿನ ಮೇಲಿನ ನಂಬರು

ತರೀಕೆರೆಯ ಗಾಡಿಗಳಿಗೆ ಈಗ ಕೆಎ 66. ಅದಕ್ಕೂ ಮುಂಚೆ ನಮ್ಮದು ಚಿಕ್ಕಮಗಳೂರಿನ ಕೆಎ 18. ಇನ್ನೂ ಹಿಂದಕ್ಕೆ ಹೋದರೆ, ಹೊಸ ಮೋಟಾರು ವಾಹನ ಕಾಯ್ದೆ 1989ರಲ್ಲಿ ಜಾರಿಗೆ ಬರುವವರೆಗೆ, ಎಂವೈ, ಎಂಇ, ಸಿಎ ಎಂದು ಶುರುವಾಗುವ ಮೂರಕ್ಷರದ ನಂಬರುಗಳಿದ್ದವು. ಬಿ.ಎಚ್. ರಸ್ತೆಯ ಬದಿಯಲ್ಲಿ ಕೂತು ಇವನ್ನೆಲ್ಲ ಕೈಯಲ್ಲೇ ಬರೆದವನು ನಾನು. ಲಾರಿ, ಸ್ಕೂಟರಿನ ಜತೆಗೆ ಪೊಲೀಸ್ ಜೀಪಿನ ಪ್ಲೇಟೂ ನನ್ನ ಕೈಗೆ ಬರುತ್ತಿತ್ತು.

ಜೀಪು ಬರುವ ಮೊದಲು ಈ ಸೀಮೆಯ ಕಾವಲು ಬೇರೆ ಥರ ಇತ್ತು. ಮೈಸೂರು ಸಂಸ್ಥಾನದಲ್ಲಿ ಕಂದಾಚಾರದ ಆಳುಗಳು ದಂಡಿಗೂ ಆಗುತ್ತಿದ್ದರು, ಕಾವಲಿಗೂ ಆಗುತ್ತಿದ್ದರು. ತಾಲ್ಲೂಕಿಗೆ ಅಮಲ್ದಾರರು, ಹಳ್ಳಿಗೆ ಪಟೇಲ, ತಳವಾರ, ತೋಟಿ. ತಳವಾರ ಯಾರ ಮಗ ಅನ್ನೋದು ಊರಿಗೆಲ್ಲ ಗೊತ್ತಿತ್ತು. ಅವನು ತಪ್ಪು ಮಾಡಿದರೆ ಕಟ್ಟೆಯ ಮೇಲೆ ಕೂರಿಸಿ ಕೇಳಬಹುದಿತ್ತು. 1830-31ರಲ್ಲಿ ನಗರ ಸೀಮೆಯ ರೈತರು ಮೈಸೂರು ಅರಸರ ಆಡಳಿತದ ವಿರುದ್ಧ ಎದ್ದ ನಗರ ದಂಗೆಯಲ್ಲಿ ತರೀಕೆರೆಯ ಪಾಳೆಯಗಾರರೂ ಸೇರಿದರು. ದಂಗೆಯ ಬೆನ್ನಿಗೇ ಬ್ರಿಟಿಷರು ಆಡಳಿತ ಕೈಗೆ ತೆಗೆದುಕೊಂಡರು. ಕ್ರಮೇಣ ಕಾವಲು ದೂರದ ಕಚೇರಿಯ ಕೆಲಸವಾಯಿತು. ಠಾಣೆಗೆ ವರ್ಗವಾಗಿ ಬರುವವರ ಮುಖ ಊರಿಗೆ ಹೊಸದು. ಮುಖ ಗೊತ್ತಿಲ್ಲದ ಕಡೆ ನಂಬರೇ ಗುರುತು.

ಎಲ್ಲ ಕಡೆ ಹೀಗಿಲ್ಲ. ಅಮೆರಿಕದಲ್ಲಿ ಕೌಂಟಿಯ ಪೊಲೀಸ್ ಮುಖ್ಯಸ್ಥ ಷೆರಿಫನನ್ನು ಹೆಚ್ಚಿನ ಕಡೆ ಜನರೇ ಓಟು ಹಾಕಿ ಆರಿಸುತ್ತಾರೆ; ಸರಿಯಿಲ್ಲದಿದ್ದರೆ ಮುಂದಿನ ಚುನಾವಣೆಯಲ್ಲಿ ಇಳಿಸುತ್ತಾರೆ. ನಮ್ಮ ಎಸ್‌ಪಿಯವರನ್ನು ಸರ್ಕಾರ ನೇಮಿಸುತ್ತದೆ. ಹಾಗಾಗಿ ಜೀಪಿನ ಹಿಂದಿನ ಆ ನಾಲ್ಕು ಅಂಕಿ ನಮ್ಮ ಜನಕ್ಕೆ ಹೆಚ್ಚು ಬೇಕು. ಸರ್ಕಾರಿ ಸಾರಿಗೆ ಬಸ್ಸಿಗೆ ಎಫ್ ಇರುವ ಹಾಗೆ ಉಳಿದ ಸರ್ಕಾರಿ ಗಾಡಿಗೆ ಜಿ ಅಕ್ಷರ. ಬೆಂಗಳೂರಿನ ಗಸ್ತುಗಾಡಿಗಳಿಗೆ ಹೊಯ್ಸಳ ಎಂದು ಹೆಸರಿಟ್ಟಿದ್ದಾರೆ. ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ ಕಟ್ಟಿದ ಅಮೃತಾಪುರದ ಗುಡಿ ನೋಡುತ್ತ ಬೆಳೆದ ನನಗೆ ಅದು ಹೆಮ್ಮೆ. ಆದರೆ ಆ ಹೆಸರು ಎಲ್ಲ ಗಾಡಿಗೂ ಒಂದೇ. ಇಂಥದೇ ಗಾಡಿ ಎಂದು ತೋರಿಸುವುದು ನಂಬರು.

ಅದಕ್ಕೇ ನನಗೆ ಕೆಲಸ ಕಲಿಸಿದ ಗುರುಗಳು, "ಪೊಲೀಸ್ ಅಂತ ಆಮೇಲೆ ಬರಿ, ನಂಬರು ಮೊದಲು ನೆಟ್ಟಗಿರಲಿ" ಅನ್ನುತ್ತಿದ್ದರು. ತಗಡನ್ನು ಉಪ್ಪುಕಾಗದದಲ್ಲಿ ಉಜ್ಜಿ, ಕಪ್ಪು ಬಣ್ಣ ಎರಡು ಸಲ ಬಳಿದು ಒಣಗಿಸಬೇಕು. ಸೀಮೆಸುಣ್ಣ ಸವರಿದ ದಾರವನ್ನು ಎರಡೂ ತುದಿಗೆ ಬಿಗಿಹಿಡಿದು ನಡುವೆ ಎತ್ತಿ ಬಿಟ್ಟರೆ ಗೆರೆ ಬೀಳುತ್ತದೆ. ಆ ಗೆರೆಗಳ ನಡುವೆ ಚಪ್ಪಟೆ ಕುಂಚದಲ್ಲಿ ಬಿಳಿ ಅಂಕಿ. ಹೊಸ ನಿಯಮದಲ್ಲಿ ಕಾರು, ಜೀಪಿನ ಅಕ್ಷರಕ್ಕೆ 65 ಮಿಲಿಮೀಟರ್ ಎತ್ತರ, 10 ಮಿಲಿಮೀಟರ್ ದಪ್ಪ. 3 ಮತ್ತು 8 ಕಷ್ಟದ ಅಂಕಿಗಳು. ಹೊಟ್ಟೆ ಸ್ವಲ್ಪ ಕೂಡಿಕೊಂಡರೂ ದೂರದಿಂದ ಒಂದು ಇನ್ನೊಂದಾಗಿ ಕಾಣುತ್ತದೆ. ರಾತ್ರಿ ಮನೆ ಮುಂದೆ ನಿಂತ ಜೀಪಿನ ನಂಬರು ಓದುವ ರೈತನ ಕಣ್ಣನ್ನು ನೆನೆದೇ ನಾನು ಅವುಗಳ ಹೊಟ್ಟೆ ತಿದ್ದುತ್ತಿದ್ದೆ.

ಆಮೇಲೆ ಖಾಸಗಿ ಗಾಡಿಗಳಿಗೆ ಬಿಳಿ ಪ್ಲೇಟು, ಕಪ್ಪು ಅಕ್ಷರ ಬಂತು. ರೇಡಿಯಂ ಸ್ಟಿಕ್ಕರು ಬಂದು ಕುಂಚ ಮೂಲೆ ಸೇರಿತು. 2019ರ ಏಪ್ರಿಲ್‌ನಿಂದ ಹೊಸ ಗಾಡಿಗಳಿಗೆ ಅಶೋಕಚಕ್ರದ ಹೊಲೊಗ್ರಾಮ್ ಇರುವ ಅಲ್ಯುಮಿನಿಯಂ ಪ್ಲೇಟು; 2023ರಲ್ಲಿ ನಮ್ಮ ರಾಜ್ಯ ಹಳೆಯ ಗಾಡಿಗಳಿಗೂ ಅದನ್ನು ಕಡ್ಡಾಯ ಮಾಡಿತು. ನನ್ನ ಕಸುಬು ಹೋಯಿತು, ಆದರೂ ಇದನ್ನು ಸ್ವಾಗತಿಸುತ್ತೇನೆ. ಸುಲಭಕ್ಕೆ ಬಿಚ್ಚಿ ಬದಲಿಸಲಾಗದ, ಎಲ್ಲರಿಗೂ ಒಂದೇ ಅಳತೆಯ ನಂಬರನ್ನೇ ನಾವು ಕೈಯಲ್ಲಿ ಸಾಧಿಸಲು ಹೆಣಗಿದ್ದು. ಊರಿನ ಹುಡುಗರಿಗೆ ನಾನು ಹೇಳುವುದು ಇಷ್ಟೇ: ಸರ್ಕಾರಿ ಗಾಡಿ ಬಂದರೆ ಹೆದರಬೇಡಿ, ಮೊದಲು ನಂಬರು ಓದಿ ಬರೆದಿಟ್ಟುಕೊಳ್ಳಿ. ಅದನ್ನು ಅಲ್ಲಿ ಬರೆದಿರುವುದೇ ನೀವು ಓದಲಿ ಎಂದು.