ಕೂಲಿಯ ಲೆಕ್ಕ, ಕೈಯ ಹದ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಉಂಡೆ ಕೊಬ್ಬರಿಯನ್ನು ನೀವು ಬಲ್ಲಿರಿ. ಕಾಯಿ ಅಟ್ಟದ ಮೇಲೆ ಸುಮಾರು ವರ್ಷಕಾಲವಿದ್ದು, ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಗಡಗಡನೆ ಸದ್ದಾಗಬೇಕು. ಬಳಿಕ ಸುಲಿದು ಕರಟ ಒಡೆಯುವ ಕೆಲಸ. ಕೂಲಿ ಸಾಮಾನ್ಯವಾಗಿ ಕಾಯಿಯ ಎಣಿಕೆಯಂತೆ. ಉಂಡೆ ಸೀಳದಂತೆ ಏಟು ಹಾಕುವ ಕೈಹದ ಆ ಎಣಿಕೆಗೆ ಸಿಕ್ಕುವುದಿಲ್ಲ. ಸೀಳಿದ ಉಂಡೆಗೆ ಬೆಲೆ ಕಡಿಮೆ.

ಈ ಹದವನ್ನು ದಿನವಿಡೀ ಕಾಯುವುದು ಕೂಲಿಯೊಂದೇ ಏನು? ಇಂಥದೇ ಪ್ರಶ್ನೆ ಅಮೆರಿಕದ ಷಿಕಾಗೋ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1924ರಿಂದ 1932ರವರೆಗೆ ನಡೆದ ಪರೀಕ್ಷೆಗಳಲ್ಲಿ ಎದ್ದಿತು. ದೀಪದ ಬೆಳಕು ಬದಲಿಸಿದರು, ವಿರಾಮ ಕೊಟ್ಟರು. ಕೊನೆಗೆ ಜೊತೆಗಾರರ ಒಡನಾಟ, ಮೇಲಿನವರ ಆದರ ದೊಡ್ಡದೆಂದು ಎಲ್ಟನ್ ಮೇಯೋ ಸಾರಿದರು. ಅವರು ಕೂಲಿಯನ್ನು ಹಗುರವಾಗಿ ಎಣಿಸಿದರೆಂದು ಮುಂದಿನವರು ಆಕ್ಷೇಪಿಸಿದ್ದು ನ್ಯಾಯವೇ. ಆದರೂ ಆದರದ ಮಾತು ಸುಳ್ಳಲ್ಲ. ನಮ್ಮಲ್ಲಿ ಕೊಬ್ಬರಿ ತೋಟದವರ ಹೆಸರಲ್ಲಿ ಮಂಡಿ ಸೇರುತ್ತದೆ; ಒಡೆದವನ ಹೆಸರನ್ನು ಅಲ್ಲಿ ಯಾರೂ ಕೇಳುವುದಿಲ್ಲ.